ಅನುಕೂಲಕ್ಕೆ ಎಲ್ಲಿ ಒಪ್ಪಬೇಕು, ನಾದಕ್ಕೆ ಎಲ್ಲಿ ಹಟ ಹಿಡಿಯಬೇಕು: ಪುಣೆಯ ಕೇಳುಗರಿಗೊಂದು ಕೈಪಿಡಿ

ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಂಗೀತ ಕೇಳುವ ಸಾಮಗ್ರಿ ಸಾಮಾನ್ಯವಾಗಿ ಎರಡು ಬಗೆಯದು. ಒಂದು, ದಿನವಿಡೀ ಕೈಯಲ್ಲಿರುವ ಫೋನು ಮತ್ತು ಅದರ ಜೊತೆಗಿನ ವೈರ್ ಇಲ್ಲದ ಇಯರ್‌ಬಡ್‌ಗಳು. ಇನ್ನೊಂದು, ಟಿವಿ ಕಪಾಟಿನ ಕೆಳಗೆ ಬಟ್ಟೆ ಹೊದ್ದು ಕುಳಿತ ಹಳೆಯ ಆಂಪ್ಲಿಫೈಯರ್, ಒಂದು ಜೋಡಿ ಸ್ಪೀಕರ್, ಮತ್ತು ಧಾರವಾಡದಿಂದಲೋ ವಿಜಯಪುರದಿಂದಲೋ ಬರುವಾಗ ತಂದ ಕ್ಯಾಸೆಟ್ ಪೆಟ್ಟಿಗೆ. ಮೊದಲನೆಯದು ಅನುಕೂಲಕ್ಕೆ, ಎರಡನೆಯದು ಗುಣಮಟ್ಟಕ್ಕೆ ಎಂದು ಅನೇಕರು ಮನಸ್ಸಿನಲ್ಲೇ ಪಾಲು ಮಾಡಿಬಿಟ್ಟಿರುತ್ತಾರೆ. ಈ ಪಾಲು ಅರ್ಧ ಮಾತ್ರ ಸರಿ. ಹದಿನೈದು ನಿಮಿಷ ಕುಳಿತು ಸೆಟ್ಟಿಂಗ್ ಸರಿಪಡಿಸಿದ ಫೋನು, ತಪ್ಪು ಮೂಲೆಯಲ್ಲಿ ಇಟ್ಟ ದುಬಾರಿ ಸ್ಪೀಕರಿಗಿಂತ ಚೆನ್ನಾಗಿ ಹಾಡಬಲ್ಲದು. ಹೊಸ ಉಪಕರಣಕ್ಕೆ ಹಣ ಬಿಚ್ಚುವ ಮೊದಲು, ನಾವು ಯಾವ ಹೊತ್ತಿನಲ್ಲಿ ಎಲ್ಲಿ ಕುಳಿತು ಕೇಳುತ್ತೇವೆ, ಅಲ್ಲಿ ನಾದ ಯಾವ ಹಂತದಲ್ಲಿ ಕೆಡುತ್ತಿದೆ ಎಂಬುದನ್ನು ಪತ್ತೆ ಮಾಡಿಕೊಳ್ಳಬೇಕು.

ಹಾಡು ನಮ್ಮ ಕಿವಿ ತಲುಪುವ ದಾರಿಯಲ್ಲಿ ಆರು ಹಂತಗಳಿವೆ: ಮೂಲ ಧ್ವನಿಮುದ್ರಣ, ಅದನ್ನು ಕುಗ್ಗಿಸಿದ ಫೈಲು, ಆ್ಯಪ್‌ನ ಸೆಟ್ಟಿಂಗ್, ಫೋನಿನಿಂದ ಇಯರ್‌ಫೋನಿಗೆ ಹೋಗುವ ಸಂಪರ್ಕ, ಇಯರ್‌ಫೋನ್ ಅಥವಾ ಸ್ಪೀಕರ್, ಕೊನೆಗೆ ನಾವು ಕುಳಿತ ಜಾಗ. ಇವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಯಾವುದೋ, ನಮಗೆ ಕೇಳಿಸುವ ಗುಣಮಟ್ಟವೂ ಅಷ್ಟೇ. ಜಾಹೀರಾತುಗಳು ಎರಡನೆಯ ಮತ್ತು ನಾಲ್ಕನೆಯ ಹಂತದ ಬಗ್ಗೆ ಮಾತ್ರ ಮಾತಾಡುತ್ತವೆ. ಆದರೆ ಸಾಮಾನ್ಯ ಮನೆಯಲ್ಲಿ ಹೆಚ್ಚಿನ ನಷ್ಟ ಆಗುವುದು ಕೊನೆಯ ಎರಡರಲ್ಲಿ.

ಅಂಕಿಗಳನ್ನು ಒಮ್ಮೆ ನೋಡಿಬಿಡೋಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಪ್ರತಿ ಸೆಕೆಂಡಿಗೆ 44,100 ಮಾದರಿಗಳನ್ನು 16 ಬಿಟ್‌ಗಳಲ್ಲಿ ಹಿಡಿದಿಡುತ್ತದೆ. ಎರಡು ಚಾನೆಲ್ ಸೇರಿ ಅದು ಸೆಕೆಂಡಿಗೆ 1,411 ಕಿಲೋಬಿಟ್ (ಕೆಬಿಪಿಎಸ್) ಆಗುತ್ತದೆ; ಸೆಕೆಂಡಿಗೆ ಇಷ್ಟು ಎಂಬ ಈ ಲೆಕ್ಕವೇ ಬಿಟ್‌ರೇಟ್. 1990ರ ದಶಕದಲ್ಲಿ ಹರಡಿದ ಎಂಪಿ3, ಜೋರಾದ ಧ್ವನಿಯ ಹಿಂದೆ ಅಡಗಿ ಕಿವಿಗೆ ಹೇಗೂ ಕೇಳಿಸದ ಸಣ್ಣ ಧ್ವನಿಗಳನ್ನು ಕೈಬಿಟ್ಟು ಈ ಗಾತ್ರವನ್ನು ಇಳಿಸುತ್ತದೆ. 320 ಕೆಬಿಪಿಎಸ್‌ನಲ್ಲಿ ಉಳಿಯುವುದು ಮೂಲದ ಕಾಲು ಭಾಗಕ್ಕಿಂತ ಕಡಿಮೆ. ಆದರೂ ಸಾಮಾನ್ಯ ಇಯರ್‌ಫೋನಿನಲ್ಲಿ ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಹಿಡಿಯುವುದು ಬಹಳ ಕಷ್ಟ. 96ಕ್ಕೆ ಇಳಿದರೆ ಮಾತು ಬೇರೆ. ಅಲ್ಲಿ ಆದ ಗಾಯವನ್ನು ಕಿವಿಗೊಟ್ಟು ಕೇಳುವ ಯಾರಾದರೂ ಗುರುತಿಸಬಲ್ಲರು.

ಎಲ್ಲಿ ಗುರುತಿಸುವುದು ಎಂದರೆ, ತಂಬೂರಿಯಲ್ಲಿ. ಗಾಯಕರ ಧ್ವನಿಯನ್ನು ನಮ್ಮ ಕಿವಿ ಎಷ್ಟು ಕೆಟ್ಟ ಮುದ್ರಣದಲ್ಲೂ ಸರಿಮಾಡಿಕೊಂಡು ಕೇಳುತ್ತದೆ. ತಂಬೂರಿಗೆ ಆ ರಿಯಾಯಿತಿ ಸಿಗುವುದಿಲ್ಲ. ತಂತಿಗಳನ್ನು ಹೊತ್ತಿರುವ ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಸರಿಸಿಟ್ಟ ಒಂದು ಹತ್ತಿಯ ಎಳೆ ತಂತಿಯನ್ನು ಕುದುರೆಗೆ ಮೆಲ್ಲನೆ ಉಜ್ಜುವಂತೆ ಮಾಡುತ್ತದೆ. ಹಾಗಾಗಿ ಒಂದೇ ಮೀಟಿಗೆ ಮೇಲಿನ ಸ್ವರಾಂಶಗಳು ಒಂದಾದ ಮೇಲೊಂದು ಎದ್ದು ಇಳಿಯುತ್ತವೆ, ಅದನ್ನೇ ಜವಾರಿ ಎನ್ನುತ್ತಾರೆ. ಕಡಿಮೆ ಬಿಟ್‌ರೇಟಿನಲ್ಲಿ ಈ ಏರಿಳಿತ ಅಳಿಸಿ, ತಂಬೂರಿ ಬರೀ ಒಂದು ಮಂಕಾದ ‘ಝುಂ’ ಆಗಿಬಿಡುತ್ತದೆ. ಗಾಯಕರು ಉಸಿರು ತೆಗೆದುಕೊಳ್ಳಲು ನಿಂತ ಆ ಒಂದೆರಡು ಸೆಕೆಂಡುಗಳಲ್ಲಿ ತಂಬೂರಿಯ ಮೀಟುಗಳು ಬೇರೆಬೇರೆಯಾಗಿ ಕೇಳಿಸುತ್ತಿವೆಯೇ ಎಂದು ಗಮನಿಸಿ. ಕಛೇರಿಯ ಮುದ್ರಣವಾದರೆ ಚಪ್ಪಾಳೆಯನ್ನೂ ಕೇಳಿ. ಕುಗ್ಗಿಸುವ ತಂತ್ರಗಳಿಗೆ ಚಪ್ಪಾಳೆ ಬಹಳ ಕಠಿಣವಾದ ಸದ್ದು; ಕೆಟ್ಟ ಫೈಲಿನಲ್ಲಿ ಅದು ನೀರು ಕುದಿದಂತೆ ಗುಳುಗುಳು ಎನ್ನುತ್ತದೆ. ಈ ಎರಡು ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ, ಯಾವ ವಿಮರ್ಶಕರೂ ಬೇಡ.

ಪ್ರಯಾಣದಲ್ಲಿ

ವನಾಜ್‌ನಿಂದ ರಾಮವಾಡಿಗೆ ಹೋಗುವ ಮೆಟ್ರೋದಲ್ಲಾಗಲಿ, ಪಿಎಂಪಿಎಂಎಲ್ ಬಸ್ಸಿನಲ್ಲಾಗಲಿ ಗುಣಮಟ್ಟಕ್ಕಾಗಿ ಹಟ ಹಿಡಿಯುವುದು ವ್ಯರ್ಥ. ಎಂಜಿನ್ ಮತ್ತು ಚಕ್ರಗಳ ಗದ್ದಲ ತಂಬೂರಿಯನ್ನೂ ತಬಲಾ ಜೋಡಿಯಲ್ಲಿ ತಗ್ಗು ಸದ್ದು ಕೊಡುವ ಎಡಗೈಯ ಬಾಯಾಂವನ್ನೂ ಮೊದಲೇ ನುಂಗಿರುತ್ತದೆ. ಆ ಗದ್ದಲದ ಮೇಲೆ ಕೇಳಿಸಲಿ ಎಂದು ನಾವು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್‌ಗೆ ಏರಿದರೆ ಅದು 4 ಗಂಟೆಗೆ ಇಳಿಯುತ್ತದೆ. ದಿನವೂ ಹೋಗಿಬರುವವರ ವಾರದ ಪಾಲು ಎರಡು ದಿನದಲ್ಲೇ ಮುಗಿಯಬಹುದು. ಹಾಗಾಗಿ ದಾರಿಯಲ್ಲಿ ಕೇಳುವವರು ಹಣ ಹಾಕಬೇಕಾದದ್ದು ಧ್ವನಿಯ ಏನನ್ನೂ ಕೈಬಿಡದ ‘ಲಾಸ್‌ಲೆಸ್’ ಫೈಲುಗಳ ಚಂದಾಕ್ಕಲ್ಲ, ಹೊರಗಿನ ಸದ್ದನ್ನು ತಗ್ಗಿಸುವ ಇಯರ್‌ಫೋನಿಗೆ. ಈ ನಾಯ್ಸ್ ಕ್ಯಾನ್ಸಲಿಂಗ್ ತಂತ್ರ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದನ್ನು ಚೆನ್ನಾಗಿ ಕಳೆಯುತ್ತದೆ, ಮಾತು ಮತ್ತು ಹಾರ್ನ್‌ಗಳನ್ನು ಅಷ್ಟಾಗಿ ಕಳೆಯುವುದಿಲ್ಲ. ಬಸ್ಸಿಗೆ ಅದು ಹೇಳಿ ಮಾಡಿಸಿದಂತಿದೆ. ದ್ವಿಚಕ್ರ ವಾಹನದ ಮೇಲೆ ಮಾತ್ರ ಇಯರ್‌ಫೋನ್ ಬೇಡವೇ ಬೇಡ.

ಇಯರ್‌ಬಡ್ ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ರಬ್ಬರ್ ತುದಿಗಳಲ್ಲಿ ಬಹುತೇಕರು ಎರಡನ್ನು ಬಿಚ್ಚಿಯೂ ನೋಡುವುದಿಲ್ಲ. ಮೂರನ್ನೂ ಹಾಕಿ ನೋಡಬೇಕು. ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ತಗ್ಗು ಸ್ವರಗಳು ಸಂದಿಯಿಂದ ಹೊರಗೆ ಸೋರಿಹೋಗುತ್ತವೆ, ಆಗ ಎಷ್ಟೇ ಬೆಲೆಯ ಇಯರ್‌ಬಡ್ ಆದರೂ ತೆಳ್ಳಗೆ ಕೇಳಿಸುತ್ತದೆ. ಎಡಕಿವಿಗೂ ಬಲಕಿವಿಗೂ ಬೇರೆ ಅಳತೆ ಬೇಕಾಗುವುದು ಅಪರೂಪವೇನಲ್ಲ.

ಮುಂಬೈಗೆ ಹೋಗುವ ರೈಲಿನಲ್ಲಿ ಲೋಣಾವಳಾ ದಾಟಿ ಕರ್ಜತ್ ಸೇರುವವರೆಗೆ ಘಟ್ಟದ ಸುರಂಗಗಳಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಆ್ಯಪ್ ‘ಆಟೋಮ್ಯಾಟಿಕ್’ ಗುಣಮಟ್ಟದಲ್ಲಿದ್ದರೆ ಅದು ಮೊದಲು ಬಿಟ್‌ರೇಟ್ ಇಳಿಸುತ್ತದೆ, ಆಮೇಲೆ ನಿಂತೇಬಿಡುತ್ತದೆ. ಹಿಂದಿನ ರಾತ್ರಿ ಮನೆಯ ವೈ-ಫೈನಲ್ಲಿ ಇಳಿಸಿಕೊಂಡರೆ ಈ ತೊಂದರೆ ಇರುವುದಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ಗುಣಮಟ್ಟಕ್ಕೆ ಮೂರು ಪ್ರತ್ಯೇಕ ಆಯ್ಕೆಗಳಿರುತ್ತವೆ: ಮೊಬೈಲ್ ಡೇಟಾಕ್ಕೆ ಒಂದು, ವೈ-ಫೈಗೆ ಒಂದು, ಡೌನ್‌ಲೋಡ್‌ಗೆ ಒಂದು. ಮೊದಲನೆಯದನ್ನು ಮಧ್ಯಮದಲ್ಲಿ ಬಿಟ್ಟು ಉಳಿದೆರಡನ್ನು ಅತ್ಯುನ್ನತಕ್ಕೆ ಇಡುವುದು ಒಳ್ಳೆಯ ಕ್ರಮ. 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆಯ ಸಂಗೀತಕ್ಕೆ 144 ಎಂಬಿ ಬೇಕು, 96ರಲ್ಲಿ 43 ಎಂಬಿ ಸಾಕು. ಕುಗ್ಗಿಸದ ಸಿಡಿ ಗುಣಮಟ್ಟಕ್ಕೆ 635 ಎಂಬಿ ಬೇಕಾಗುತ್ತದೆ. ಲಾಸ್‌ಲೆಸ್ ರೂಪದಲ್ಲಿ ಅದು ಸುಮಾರು ಅರ್ಧದಿಂದ ಮೂರನೇ ಎರಡು ಭಾಗದಷ್ಟಾಗುತ್ತದೆ.

ಅದೇ ಸೆಟ್ಟಿಂಗ್ ಪುಟದಲ್ಲಿ ಇನ್ನೆರಡು ಗುಂಡಿಗಳನ್ನು ನೋಡಿಕೊಳ್ಳಿ. ಒಂದು ಹಾಡು ಮುಗಿಯುತ್ತಿರುವಾಗಲೇ ಮುಂದಿನದನ್ನು ಬೆರೆಸುವ ‘ಕ್ರಾಸ್‌ಫೇಡ್’ ಆಫ್ ಆಗಿರಬೇಕು. ನಿಧಾನಗತಿಯ ವಿಲಂಬಿತ ಒಂದು ಟ್ರ್ಯಾಕ್, ವೇಗದ ದ್ರುತ್ ಇನ್ನೊಂದು ಟ್ರ್ಯಾಕ್ ಆಗಿರುವ ಮುದ್ರಣಗಳಲ್ಲಿ ಅದು ವಿಲಂಬಿತದ ಕೊನೆಯನ್ನೇ ತಿಂದುಹಾಕುತ್ತದೆ. ಬೇಸ್ ಹೆಚ್ಚಿಸುವ ಈಕ್ವಲೈಸರನ್ನೂ ಆಫ್ ಮಾಡಿ. ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ‘ನಾರ್ಮಲೈಸೇಶನ್’ ಮಾತ್ರ ನಿರುಪದ್ರವಿ. ಅದನ್ನು ‘ಲೌಡ್’ ಎಂಬ ಆಯ್ಕೆಯಲ್ಲಿ ಇಡದಿದ್ದರಾಯಿತು.

ಬ್ಲೂಟೂತ್ ಎಂಬ ಇಕ್ಕಟ್ಟು

2021ರಲ್ಲಿ ಆ್ಯಪಲ್ ಮ್ಯೂಸಿಕ್ ಹೆಚ್ಚಿನ ದರವಿಲ್ಲದೆ ಲಾಸ್‌ಲೆಸ್ ಕೊಡಲಾರಂಭಿಸಿದ ಮೇಲೆ ‘ಲಾಸ್‌ಲೆಸ್’ ಎಂಬ ಮಾತು ಎಲ್ಲರ ಬಾಯಲ್ಲೂ ಬಂದಿತು. ಆದರೆ ಐಫೋನು ಬ್ಲೂಟೂತ್ ಮೂಲಕ ಕಳಿಸುವುದು ಎಎಸಿ ಎಂಬ ಕುಗ್ಗಿಸಿದ ರೂಪವನ್ನೇ. ಅಂದರೆ ಲಾಸ್‌ಲೆಸ್ ಆಯ್ಕೆ ಒತ್ತಿ, ವೈರ್ ಇಲ್ಲದ ಇಯರ್‌ಬಡ್‌ನಲ್ಲಿ ಕೇಳುವವರು ಡೇಟಾ ಕಳೆದುಕೊಳ್ಳುತ್ತಾರೆಯೇ ಹೊರತು ಆ ಆಯ್ಕೆಯ ಫಲ ಅವರ ಕಿವಿಯವರೆಗೆ ಬರುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಆಯ್ಕೆ ಹೆಚ್ಚಿದೆ. ಸಂಗೀತ ನುಡಿಸುವ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಎಸ್‌ಬಿಸಿ ಸುಮಾರು 328 ಕೆಬಿಪಿಎಸ್‌ವರೆಗೆ ಹೋಗುತ್ತದೆ. ಸೋನಿ ರೂಪಿಸಿದ ಎಲ್‌ಡಿಎಸಿ 330, 660, 990 ಎಂಬ ಮೂರು ಮಟ್ಟಗಳಲ್ಲಿ ಕೆಲಸ ಮಾಡುತ್ತದೆ. ಫೋನು ಮತ್ತು ಇಯರ್‌ಫೋನ್ ಎರಡರಲ್ಲೂ ಅದು ಇದ್ದರೆ ಮಾತ್ರ ಉಪಯೋಗ. ಒಂದರಲ್ಲಿ ಇಲ್ಲದಿದ್ದರೂ ಸಂಪರ್ಕ ಹೇಳದೆ ಕೇಳದೆ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ.

ಈಗ ಯಾವುದು ನಡೆಯುತ್ತಿದೆ ಎಂದು ತಿಳಿಯಲು, ಆಂಡ್ರಾಯ್ಡ್ ಫೋನಿನ ‘ಅಬೌಟ್’ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆಯಿರಿ. ಇಯರ್‌ಫೋನ್ ಸಂಪರ್ಕದಲ್ಲಿರುವಾಗ ಅಲ್ಲಿಯ ಬ್ಲೂಟೂತ್ ಕೊಡೆಕ್ (ಅಂದರೆ ಕುಗ್ಗಿಸುವ ರೂಪ) ಸಾಲಿನಲ್ಲಿ ಉತ್ತರ ಸಿಗುತ್ತದೆ. ನೋಡಿಯಾದ ಮೇಲೆ ಬೇರೆ ಯಾವುದನ್ನೂ ಮುಟ್ಟದೆ ಹೊರಬನ್ನಿ. ಉಪಕರಣ ಏಕಕಾಲಕ್ಕೆ ಫೋನಿಗೂ ಲ್ಯಾಪ್‌ಟಾಪಿಗೂ ಅಂಟಿಕೊಂಡಿದ್ದರೆ ಕೆಲವು ಮಾದರಿಗಳಲ್ಲಿ ಮೇಲಿನ ಕೊಡೆಕ್ ಸಿಗುವುದಿಲ್ಲ, ಒಂದನ್ನು ಬಿಡಿಸಬೇಕಾಗುತ್ತದೆ.

ಹಿಂಜೇವಾಡಿಯ ಕಚೇರಿಗಳಲ್ಲಿ ಕೆಲಸ ಮಾಡುವವರು ಪದೇ ಪದೇ ಹೇಳುವ ಒಂದು ದೂರಿದೆ: ಮೀಟಿಂಗ್ ಶುರುವಾದೊಡನೆ, ಹಿನ್ನೆಲೆಯಲ್ಲಿ ಚೆನ್ನಾಗಿ ಕೇಳಿಸುತ್ತಿದ್ದ ಹಾಡು ಹಳೆಯ ಟೆಲಿಫೋನಿನಿಂದ ಬಂದಂತೆ ಆಗುತ್ತದೆ. ಇಯರ್‌ಫೋನ್ ಕೆಟ್ಟಿರುವುದಿಲ್ಲ. ಅದರ ಮೈಕ್ ಕೆಲಸಕ್ಕೆ ಇಳಿದೊಡನೆ ಬ್ಲೂಟೂತ್ ಸಂಗೀತದ ಕ್ರಮವನ್ನು ಬಿಟ್ಟು ಕರೆಯ ಕ್ರಮಕ್ಕೆ ಬರುತ್ತದೆ, ಅಲ್ಲಿ ಧ್ವನಿ ಒಂದೇ ಚಾನೆಲ್ಲಿನದು, ಅದರ ವ್ಯಾಪ್ತಿಯೂ ಕಿರಿದು. ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಇನ್‌ಪುಟ್ ಆಗಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿಕೊಂಡರೆ ಇಯರ್‌ಫೋನ್ ಮತ್ತೆ ಎಂದಿನಂತೆ ನುಡಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಹೊಸ ಹೆಡ್‌ಫೋನ್ ತರಿಸುವ ಮುನ್ನ ಈ ಒಂದು ಕ್ಲಿಕ್ ಮಾಡಿ ನೋಡಿದರೆ ಒಳ್ಳೆಯದು.

ವೈರಿಗೆ ಮರಳುವವರು ಫೋನಿನಲ್ಲಿ 3.5 ಮಿಮೀ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಕೊಳ್ಳಬೇಕು, ಕೊಳ್ಳುವಾಗ ಅದರೊಳಗೆ ಡಿಎಸಿ, ಅಂದರೆ ಫೈಲಿನ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಚಿಪ್, ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಡಿಎಸಿ ಇಲ್ಲದ ಅಡಾಪ್ಟರ್ ಹಲವು ಫೋನುಗಳಲ್ಲಿ ಸದ್ದನ್ನೇ ಹೊರಡಿಸುವುದಿಲ್ಲ.

ಮನೆಯ ಒಂದು ಗಂಟೆ

ಹಟ ಹಿಡಿಯಬೇಕಾದ ಜಾಗ ಮನೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಕೂತು ಕೇಳುವವರಿಗೆ ಸಣ್ಣ ಬ್ಲೂಟೂತ್ ಸ್ಪೀಕರ್ ಸಾಲದು. ಅದು ಅಡುಗೆ ಮಾಡುವಾಗ ಆಕಾಶವಾಣಿ ಧಾರವಾಡವನ್ನು ಆ್ಯಪ್‌ನಲ್ಲಿ ಹಾಕಿಕೊಳ್ಳಲು ತಕ್ಕದ್ದು. 1950ರಲ್ಲಿ ಶುರುವಾದ ಆ ಕೇಂದ್ರ ಪುಣೆಯ ಅಡುಗೆಮನೆಯಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಸುವುದೇ ಅನುಕೂಲದ ದೊಡ್ಡ ಕೊಡುಗೆ, ಅಲ್ಲಿ ಬಿಟ್‌ರೇಟಿನ ಲೆಕ್ಕ ಹಾಕುವುದು ಕೃತಘ್ನತೆ.

ಹಳೆಯ ಆಂಪ್ಲಿಫೈಯರ್ ಇದ್ದರೆ ಅದನ್ನು ಎಸೆಯಬೇಡಿ. ಹಿಂಬದಿಯಲ್ಲಿ ‘ಆಕ್ಸ್’ ಎಂದು ಬರೆದ ಕೆಂಪು–ಬಿಳಿ ತೂತುಗಳಿದ್ದರೆ, ಫೋನಿನ ಅಡಾಪ್ಟರಿನಿಂದ ಅಲ್ಲಿಗೆ ಒಂದು ವೈರು ಸಾಕು. ವಾಲ್ಯೂಮ್ ತಿರುಗಿಸಿದಾಗ ಕರಕರ ಎಂದರೆ ಅದು ಧೂಳು ಮತ್ತು ತೇವದ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಳಗೆ ಹಾಕಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಬಹುತೇಕ ಹೋಗುತ್ತದೆ. ಸ್ಪೀಕರಿನ ಜಾಲರಿ ತೆಗೆದು, ಅದುರಿ ಸದ್ದು ಹೊರಡಿಸುವ ಕೋನಿನ ಸುತ್ತಲಿನ ಫೋಮ್ ಅಂಚನ್ನು ಬೆರಳಿನಿಂದ ಹಗುರಾಗಿ ಮುಟ್ಟಿ ನೋಡಿ. ಹದಿನೈದು ಇಪ್ಪತ್ತು ವರ್ಷಗಳಾದ ಫೋಮ್ ಬೆರಳಿಗೆ ಜಿಗುಟಾಗಿ ಅಂಟುತ್ತದೆ ಇಲ್ಲವೇ ಪುಡಿಯಾಗಿ ಉದುರುತ್ತದೆ. ಹಾಗಾಗಿದ್ದರೆ ಇಡೀ ಸ್ಪೀಕರ್ ಬದಲಿಸಬೇಕಾಗಿಲ್ಲ, ಅಂಚನ್ನು ಮಾತ್ರ ಹೊಸದಾಗಿ ಅಂಟಿಸಬಹುದು. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಸಾಲುಸಾಲು ಅಂಗಡಿಗಳಿವೆ, ಕೋನಿನ ವ್ಯಾಸವನ್ನು ಅಳೆದುಕೊಂಡು ಹೋಗಿ ವಿಚಾರಿಸಿ. ವೈರು ಮಾತ್ರ ಸಾಧಾರಣ ತಾಮ್ರದ್ದೇ ತನ್ನಿ. ಸ್ಪೀಕರಿಗಿಂತ ವೈರಿಗೆ ಹೆಚ್ಚು ಕೊಟ್ಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಆಮೇಲೆ ಜಾಗ. ಎರಡು ಸ್ಪೀಕರ್ ಮತ್ತು ನೀವು ಕೂರುವ ಕುರ್ಚಿ ಸಮಬಾಹು ತ್ರಿಕೋನದಂತಿರಬೇಕು, ಸಣ್ಣ ಕೋನು ಅಂದರೆ ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕಿರಬೇಕು. ಗೋಡೆಯ ಮೂಲೆಗೆ ಒತ್ತಿದ ಸ್ಪೀಕರಿನಲ್ಲಿ ಬಾಯಾಂ ಊದಿಕೊಂಡು ಗಾಯನದ ಮೇಲೆ ಕೂರುತ್ತದೆ. ಒಂದು ಗೇಣು ಮುಂದೆ ತಂದರೂ ವ್ಯತ್ಯಾಸ ತಿಳಿಯುತ್ತದೆ. ಪುಣೆಯ ಹೊಸ ಫ್ಲ್ಯಾಟುಗಳ ಹಾಲ್ ಎಂದರೆ ಹೊಳೆಯುವ ಟೈಲ್ಸ್, ಬರಿಯ ಗೋಡೆ, ಬಾಲ್ಕನಿಗೆ ತೆರೆಯುವ ಗಾಜಿನ ಬಾಗಿಲು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ನಿಂತ ಮೇಲೂ ಲೋಹದಂಥ ಕಂಪನ ಉಳಿದರೆ ಆ ಕೋಣೆ ತಾನಗಳನ್ನೆಲ್ಲ ಒಂದರಮೇಲೊಂದು ಮೆತ್ತಿಬಿಡುತ್ತದೆ. ಗಾಜಿಗೆ ದಪ್ಪ ಪರದೆ, ಸ್ಪೀಕರಿಗೂ ಕುರ್ಚಿಗೂ ನಡುವೆ ಜಮಖಾನೆ, ಎದುರು ಗೋಡೆಗೆ ಪುಸ್ತಕದ ಕಪಾಟು, ಇಷ್ಟು ಮಾಡಿ ಮತ್ತೆ ತಟ್ಟಿ ನೋಡಿ. ಈ ಪುಟ್ಟ ಬದಲಾವಣೆ ಕೊಡುವ ಲಾಭವನ್ನು ಸಿಡಿಗಿಂತ ಮೇಲಿನ ಗುಣಮಟ್ಟದ ಯಾವ ಹೈ-ರೆಸ್ ಚಂದಾವೂ ಕೊಡಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಲದ ಬಗ್ಗೆಯೂ ವಿವೇಚನೆ ಇರಲಿ. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನ್ ಅವರ ಗಾಯನ ನಮಗೆ ಉಳಿದಿರುವುದು ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ 78 ಆರ್‌ಪಿಎಂ ಗ್ರಾಮಫೋನ್ ಮುದ್ರಿಕೆಗಳಲ್ಲಿ. ಆ ಮುದ್ರಿಕೆ ಹಿಡಿದಿರುವುದೇ ಸೀಮಿತ ವ್ಯಾಪ್ತಿ, ಅದನ್ನು 24 ಬಿಟ್‌ಗೆ ಏರಿಸಿ ಮಾರಿದರೆ ಸೇರುವುದು ಗಾತ್ರವೊಂದೇ. ಅಲ್ಲಿ ನೋಡಬೇಕಾದದ್ದು, ಮುದ್ರಿಕೆಯ ಸರಸರ ಸದ್ದನ್ನು ಅಳಿಸುವ ಭರದಲ್ಲಿ ಧ್ವನಿಯ ಮೇಲಿನ ಅಂಚನ್ನೂ ಕೆರೆದು ಹಾಕಿದ್ದಾರೆಯೇ ಎಂಬುದನ್ನು. ಸರಸರ ಉಳಿಸಿಕೊಂಡ ಪ್ರತಿಯನ್ನೇ ನಾನು ಆರಿಸುತ್ತೇನೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಭೀಮಸೇನ ಜೋಶಿಯವರು ಪುಣೆಯಲ್ಲಿ ಆರಂಭಿಸಿದ ಉತ್ಸವದಂಥ ಕಛೇರಿಗಳ ಖಾಸಗಿ ಮುದ್ರಣಗಳು ಕೈಯಿಂದ ಕೈಗೆ ಹೋಗಿ, ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ, ಆಮೇಲೆ ಎಂಪಿ3ಗೆ, ಅಲ್ಲಿಂದ ಯೂಟ್ಯೂಬಿಗೆ ಬಂದಿರುತ್ತವೆ. ವೀಡಿಯೊದ ಚಿತ್ರವನ್ನು 1080ಕ್ಕೆ ಏರಿಸಿದರೂ ಕಳೆದುಹೋದ ಧ್ವನಿ ಮರಳಿ ಬರುವುದಿಲ್ಲ. ಇಂಥವನ್ನು ಸಂತೋಷವಾಗಿ ಫೋನಿನಲ್ಲೇ ಕೇಳಬಹುದು.

ಚಂದಾ ಏರಿಸುವ ಮೊದಲು

ಲಾಸ್‌ಲೆಸ್ ನಿಮಗೆ ಬೇಕೇ ಎಂದು ನಿಮ್ಮ ಕಿವಿಯನ್ನೇ ಕೇಳಿ. ಚೆನ್ನಾಗಿ ಪರಿಚಯವಿರುವ, ತಂಬೂರಿ ಸ್ಪಷ್ಟವಾಗಿರುವ ಒಂದು ಮುದ್ರಣವನ್ನು ಸಿಡಿಯಿಂದ ಕಂಪ್ಯೂಟರಿಗೆ ತೆಗೆದು, ಅದರಿಂದಲೇ 320ರ ಒಂದು ಪ್ರತಿ ಮಾಡಿಕೊಳ್ಳಿ. ಬೇರೆ ಬೇರೆ ಆ್ಯಪ್‌ಗಳನ್ನು ಹೋಲಿಸಬೇಡಿ. ಒಂದರ ಸದ್ದು ತುಸು ಜೋರಿದ್ದರೂ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಪರದೆ ನಿಮಗೆ ಕಾಣದಂತೆ ಕುಳಿತು, ಮನೆಯವರೊಬ್ಬರಿಗೆ ನಾಣ್ಯ ಚಿಮ್ಮಿ ಯಾವುದಾದರೂ ಒಂದನ್ನು ಹಾಕಲು ಹೇಳಿ. ‘ಇದು ಯಾವುದು, ಹೇಳ್ರಿ’ ಎಂದು ಅವರು ಕೇಳಿದಾಗ ‘ಎರಡೂ ಒಂದೇ’ ಎನ್ನುವ ಅವಕಾಶ ನಿಮಗಿಲ್ಲ, ಒಂದನ್ನು ಹೇಳಲೇಬೇಕು. ಹತ್ತು ಸಲ ಹೀಗೆ ಮಾಡಿ. ಬರೀ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ಸುಮಾರು ನೂರಕ್ಕೆ ಒಂದು. ಆದ್ದರಿಂದ ಒಂಬತ್ತು ಬಂದರೆ ನಿಮಗೆ ನಿಜಕ್ಕೂ ಕೇಳಿಸುತ್ತಿದೆ, ಹಣ ಕೊಡಿ. ಐದಾರು ಬಂದರೆ ಆ ಹಣವನ್ನು ಪರದೆಗೋ ಸ್ಪೀಕರ್ ರಿಪೇರಿಗೋ ಇಡಿ. ಎಂಟು ಬಂದವರು ಇನ್ನೊಂದು ದಿನ ಬೆಳಗ್ಗೆ, ಕಿವಿ ದಣಿಯದಿರುವಾಗ, ಮತ್ತೆ ಕೂರಬೇಕು.

ಎಲ್ಲಿಯೂ ಸಿಗದ ಸಂಗೀತ

ಕ್ಯಾಸೆಟ್ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲ. ಮದುವೆಮನೆಯ ಗಾಯನ, ರೇಡಿಯೊದಿಂದ ಹಿಡಿದ ಸಂಗೀತ ಸಮ್ಮೇಳನ, ಅಜ್ಜಿ ಹೇಳಿದ ಬೀಸುವ ಪದ, ಇವಾವುವೂ ಯಾವ ಆ್ಯಪ್‌ನಲ್ಲಿಯೂ ಇಲ್ಲ. ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ ಕೆಲಸಕ್ಕೆ ಕೂರಿ. ಮೊದಲು ಕ್ಯಾಸೆಟ್ಟಿನ ಬಾಯಿಯ ನಡುವೆ ಇರುವ ಪುಟ್ಟ ಫೆಲ್ಟ್ ತುಂಡು ಅಂಟಿಕೊಂಡಿದೆಯೇ ನೋಡಿ. ಅದು ಬಿದ್ದಿದ್ದರೆ ಟೇಪು, ಅದನ್ನು ಓದುವ ಹೆಡ್‌ಗೆ ಒತ್ತಿಕೊಳ್ಳದೆ ಸದ್ದು ಮಂಕಾಗುತ್ತದೆ. ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಅದನ್ನು ಒಳ್ಳೆಯ ಕ್ಯಾಸೆಟ್ ಡೆಕ್‌ಗೆ ಹಾಕಲೇಬೇಡಿ, ಉಳಿದವಕ್ಕೂ ಹರಡುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ಬಹುಕಾಲದಿಂದ ಓಡದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಒಮ್ಮೆ ಪೂರ್ತಿ ಹಿಂದಕ್ಕೂ ಸುತ್ತಿ, ಆಮೇಲೆ ನುಡಿಸಿ. ಧ್ವನಿ ಕಂಬಳಿ ಹೊದ್ದಂತೆ ಇದ್ದರೆ ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಮೇಲಿನ ಅಂಚು ಅತ್ಯಂತ ಸ್ಪಷ್ಟವಾಗುವ ಕಡೆ ನಿಲ್ಲಿಸಬೇಕು. ಅದನ್ನು ಪ್ರತಿ ಕ್ಯಾಸೆಟ್ಟಿಗೂ ಬೇರೆಯಾಗಿ ಹೊಂದಿಸಬೇಕಾಗಬಹುದು.

ಡೆಕ್ಕಿನ ಲೈನ್-ಔಟ್‌ನಿಂದ ಯುಎಸ್‌ಬಿ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ತೆಗೆಯಿರಿ, ಅತ್ಯಂತ ಜೋರಾದ ಕಡೆಯೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟವನ್ನು ಇಡಿ. 90 ನಿಮಿಷದ ಒಂದು ಕ್ಯಾಸೆಟ್ ಸುಮಾರು ಒಂದೂವರೆ ಜಿಬಿ ಆಗುತ್ತದೆ. ಫ್ಲ್ಯಾಕ್ ರೂಪಕ್ಕೆ ತಂದರೆ ಏನನ್ನೂ ಕಳೆದುಕೊಳ್ಳದೆ ಗಾತ್ರ ಇಳಿಯುತ್ತದೆ. ಈ ಮೂಲ ಪ್ರತಿಯಲ್ಲಿ ಟೇಪಿನ ‘ಹಿಸ್’ ಎಂಬ ಸುಯ್‌ಗುಡುವ ಸದ್ದನ್ನು ತೆಗೆಯಲು ಹೋಗಬೇಡಿ, ಏನು ಮಾಡುವುದಿದ್ದರೂ ಅದರ ನಕಲಿನ ಮೇಲೆ ಮಾಡಿ. ಫೋನಿಗೆ, ಊರಿನ ಬಂಧುಗಳಿಗೆ ಕಳಿಸಲು 256ರ ಎಎಸಿ ಪ್ರತಿ ಧಾರಾಳವಾಗಿ ಸಾಕು. ಫೈಲಿನ ಹೆಸರಿನಲ್ಲಿ ಹಾಡಿದವರು, ರಾಗ, ಊರು, ತಿಳಿದಿದ್ದರೆ ವರ್ಷ ಇರಲಿ. ಕ್ಯಾಸೆಟ್ಟಿನ ಚೀಟಿಯ ಮೇಲಿನ ಕೈಬರಹದ ಒಂದು ಫೋಟೊವನ್ನೂ ಅದೇ ಫೋಲ್ಡರಿನಲ್ಲಿ ಸೇರಿಸಿ. ಮೂಲ ಪ್ರತಿಯನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಬೇರೆ ಊರಿನಲ್ಲಿರುವ ಅಣ್ಣನ ಅಥವಾ ಅಕ್ಕನ ಮನೆಯಲ್ಲಿ ಇಡುವುದು ಕ್ಷೇಮ. ಕ್ಯಾಸೆಟ್ಟುಗಳನ್ನು ಪೂರ್ತಿ ಒಂದು ಕಡೆಗೆ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಆಯಸ್ಕಾಂತದಿಂದ ದೂರ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಪ್ರತಿ ಜೂನ್‌ಗೆ ಮುಂಚೆ ಆ ಪೊಟ್ಟಣವನ್ನು ಬದಲಿಸಿ.